ಗೋಡೆಯ ಮೇಲೆ ಮಾಸಿದ ಕೆಂಪು

೧೯೩೦ರಲ್ಲಿ ನಾನು ಶಾಲೆ ಬಿಟ್ಟೆ. ಹನುಮಸಾಗರದ ಶಾಲೆಯಲ್ಲಿ ನಾಲ್ಕನೇ ಜಮಾತು ಮುಗಿಯುವುದರೊಳಗೆ ಅಪ್ಪ ತೀರಿಕೊಂಡ. ಅವನು ನೂಲಿಗೆ ಬಣ್ಣ ಹಾಕುವವನು. ನೇಕಾರರು ಬಿಳಿ ನೂಲು ತಂದುಕೊಡುತ್ತಿದ್ದರು, ನಾವು ಕೆಂಪು ಹತ್ತಿಸಿ ಕೊಡುತ್ತಿದ್ದೆವು, ಅದು ಸೀರೆಯ ಸೆರಗಾಗಿ ಹೋಗುತ್ತಿತ್ತು. ಅಪ್ಪನ ದಿನಕರ್ಮ ಮುಗಿದ ಮರುದಿನವೇ ಅವ್ವ ಒಲೆಗೆ ಕಟ್ಟಿಗೆ ಹಾಕಿ, "ಹಂಡೆ ತಣ್ಣಗಾಗಬಾರದಪಾ, ಬಾ" ಅಂದಳು. ಪಾಟಿಯನ್ನು ಗೂಟಕ್ಕೆ ತೂಗುಹಾಕಿ ಹಂಡೆಯ ಮುಂದೆ ಕೂತೆ. ಶಾಲೆ ಬಿಟ್ಟದ್ದಕ್ಕೆ ನಾನು ಯಾವತ್ತೂ ಅತ್ತವನಲ್ಲ. ಆದರೆ ಆ ನಾಲ್ಕನೇ ಜಮಾತನ್ನು ನಾಲ್ಕು ಮಂದಿಯ ಎದುರು ನನ್ನ ಮುಖಕ್ಕೆ ಎಸೆದವನೊಬ್ಬನಿದ್ದ. ಅವನನ್ನು ಮರೆತಿಲ್ಲ. ಇದನ್ನು ಬರೆಯುತ್ತಿರುವುದು ಅವನ ಸಲುವಾಗಿಯೇ.

ನಮ್ಮ ಕೆಂಪಿನ ಬಗ್ಗೆ ಮೊದಲು ಹೇಳಬೇಕು. ಆಗ ಎಲ್ಲ ಕಡೆ ಜರ್ಮನಿಯ ಪುಡಿ ಬಂದಿತ್ತು. ಡಬ್ಬಿ ಬಿಚ್ಚಿ ಬಿಸಿನೀರಿಗೆ ಸುರಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಮಡ್ಡಿ ಗಿಡದ ಬೇರಿನ ಕೆಂಪೇ. ನೂಲನ್ನು ಎಣ್ಣೆಯಲ್ಲಿ ನಾದಬೇಕು, ಕುರಿ ಹಿಕ್ಕೆಯ ನೀರಿನಲ್ಲಿ ನೆನೆಸಬೇಕು, ಒಣಗಿಸಬೇಕು, ಮತ್ತೆ ಎಣ್ಣೆ, ಮತ್ತೆ ಬಿಸಿಲು. ಆಮೇಲೆ ಪಟಕದ ನೀರು, ಕೊನೆಗೆ ಬೇರು. ವಾರಗಟ್ಟಲೆ ಮನೆ ನಾರುತ್ತಿತ್ತು. ಓಣಿಯವರು ಮೂಗು ಮುಚ್ಚಿಕೊಂಡು ಹಾಯುತ್ತಿದ್ದರು. ಅದೇ ಓಣಿಯ ಹೆಂಗಸರು ಮಗಳ ಮದುವೆ ಬಂದಾಗ ನೇಕಾರನಿಗೆ, "ಸೆರಗಿಗೆ ನಾರೋ ಮನೀ ಕೆಂಪ ಹಾಕು" ಅನ್ನುತ್ತಿದ್ದರು.

ಆ ಕೆಂಪು ಗಟ್ಟಿಯೋ ಅಲ್ಲವೋ ಎಂದು ನೋಡಲು ನಮ್ಮವರದ್ದೊಂದು ರೂಢಿ ಇತ್ತು. ಪ್ರತಿ ಸಲದ ಬಣ್ಣದಲ್ಲೂ ಒಂದು ಲಡಿ ನೂಲನ್ನು ತೆಗೆದು ಮಾಳಿಗೆಯ ಮೇಲೆ ಹಾಸುವುದು. ಅರ್ಧಕ್ಕೆ ಮಣ್ಣಿನ ಬೋಗುಣಿ ಬೋರಲು ಹಾಕಿ ಮುಚ್ಚುವುದು, ಇನ್ನರ್ಧ ಬಿಸಿಲಿಗೆ ಬಿಡುವುದು. ದೀಪಾವಳಿಯ ಪಾಡ್ಯದಂದು ಇಟ್ಟರೆ ಮುಂದಿನ ಪಾಡ್ಯದಂದು ಬೋಗುಣಿ ಎತ್ತುವುದು. ನೇಕಾರರು ಬಂದು ಲಡಿಯನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು, ಮುಚ್ಚಿದ ಅರ್ಧ, ತೆರೆದ ಅರ್ಧ ಎರಡನ್ನೂ ನೋಡುತ್ತಿದ್ದರು. ಗೆರೆ ಕಾಣಿಸಿದರೆ ಬಣ್ಣ ಕಚ್ಚಾ. ನಮ್ಮ ಲಡಿಯಲ್ಲಿ ಗೆರೆಯನ್ನು ಬೆರಳಿಟ್ಟು ಹುಡುಕಬೇಕಾಗುತ್ತಿತ್ತು.

ಕುಷ್ಟಗಿಯಲ್ಲಿ ಒಂದು ದೊಡ್ಡ ಜವಳಿ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ದೊಡ್ಡ ಸಾವುಕಾರರು ಎನ್ನುತ್ತಿದ್ದರು. ಗಜದ ಕೋಲಿನಿಂದ ಅಳೆದ ಮೇಲೆ ಮದುವೆಯ ಸೀರೆಗೆ ಕುಪ್ಪಸದ ಬಟ್ಟೆ ಒಂದು ಗೇಣು ಹೆಚ್ಚಿಗೆ ಹರಿದುಕೊಡುವ ಮನುಷ್ಯ. ತಲೆಗೆ ಸುತ್ತುತ್ತಿದ್ದ ಕೆಂಪು ರುಮಾಲು ನಮ್ಮಪ್ಪ ಹಾಕಿದ ಬಣ್ಣದ್ದು. ಆ ರುಮಾಲು ಕಟ್ಟಿಕೊಂಡೇ ಅವರು ಇಪ್ಪತ್ತು ವರ್ಷ ಕುದುರೆಯ ಮೇಲೆ ಯಲಬುರ್ಗಾ, ಕೊಪ್ಪಳ, ಗಂಗಾವತಿ ಸಂತೆಗಳನ್ನು ತಿರುಗಿದ್ದರು. ನನ್ನನ್ನು ಕಂಡಾಗಲೆಲ್ಲ ರುಮಾಲು ಮುಟ್ಟಿ, "ನಿಮ್ಮಪ್ಪ ನನ್ನ ತಲೀ ಮ್ಯಾಲೆ ಅದಾನೋ" ಎಂದು ನಗುತ್ತಿದ್ದರು. ಇಂಥವರಿಗೆ ಒಬ್ಬ ಮಗ. ಹೈದರಾಬಾದಿನಲ್ಲಿ ಓದಿ ಬಂದಿದ್ದ. ಅವನನ್ನು ಸಣ್ಣ ಸಾವುಕಾರ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

೧೯೩೮ರಲ್ಲಿ ಅವನು ಒಂದು ಕ್ಯಾಮರಾ ತಂದ. ಬಣ್ಣ ಬಣ್ಣವಾಗಿಯೇ ಬೀಳುವ ಫಿಲ್ಮು ಅದರಲ್ಲಿ. ಕಾಗದದ ಫೋಟೋ ಅಲ್ಲ. ಬೆಳಕಿಗೆ ಹಿಡಿದು ನೋಡುವ ಹೆಬ್ಬೆರಳಿನಷ್ಟು ಅಗಲದ ತುಂಡು. ಅದನ್ನು ತೊಳೆಸಲು ಹಡಗಿನಲ್ಲಿ ವಿಲಾಯತಿಗೆ ಕಳಿಸಬೇಕಿತ್ತು. ಹನುಮಸಾಗರಕ್ಕೆ ಮೋಟಾರಿನಲ್ಲಿ ಬಂದಿಳಿದವನು ನಮ್ಮ ಅಂಗಳದಲ್ಲಿ ಗಳುಗಳ ಮೇಲೆ ಇಳಿಬಿಟ್ಟಿದ್ದ ಕೆಂಪು ಲಡಿಗಳನ್ನು ಕಂಡು ನಿಂತುಬಿಟ್ಟ. ಅವ್ವ ಲಡಿಗಳ ಹಿಂದೆ ನಿಂತು ನೀರು ಹಿಂಡುತ್ತಿದ್ದಳು. ಮೊಳಕೈವರೆಗೂ ಅವಳ ಕೈ ಕೆಂಪು.

"ಯಮ್ಮಾ, ಹಂಗ ನಿಂದ್ರು, ಅಲುಗಾಡಬ್ಯಾಡ" ಅಂದ.

"ನಿಂದ್ರಾಕ ನನಗೇನು ಕೆಲಸ ಇಲ್ಲೇನು? ಲಗೂನ ತೆಗೀರಿ, ನೀರು ಇಳ್ಯಾಕತ್ತಾವ" ಅಂದಳು ಅವ್ವ.

ಎರಡು ಸಲ ಗುಂಡಿ ಒತ್ತಿದ. ಮೊದಲನೆಯದು ತೋರಿಸಲಿಕ್ಕೆ, ಎರಡನೆಯದು ಇಟ್ಟುಕೊಳ್ಳಲಿಕ್ಕೆ ಎಂದು ಅವನ ಬಾಯಿಂದಲೇ ಕೇಳಿದೆ. ಅದೇ ಸುರುಳಿಯಲ್ಲಿ ಅವನು ತನ್ನ ಅಪ್ಪನದೂ ಒಂದು ತೆಗೆದಿದ್ದ. ದೊಡ್ಡ ಸಾವುಕಾರರು ಗಾದಿಯ ಮೇಲೆ ಕೂತಿದ್ದು, ತಲೆಗೆ ಕೆಂಪು ರುಮಾಲು. ಅದು ಒಂದೇ ಒಂದು. ಮುದುಕರು ಎರಡನೆಯದಕ್ಕೆ ಕೂಡಲಿಲ್ಲವಂತೆ.

ಫಿಲ್ಮು ಯುದ್ಧ ಹತ್ತುವ ಮೊದಲೇ ತಿರುಗಿ ಬಂತು. ತುಂಡುಗಳನ್ನು ಗಾಜಿನ ನಡುವೆ ಕೂಡಿಸಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಪೆಟ್ಟಿಗೆಯನ್ನೂ ಅವನು ತಂದಿದ್ದ. ಆ ಪೆಟ್ಟಿಗೆಯ ದೀಪಕ್ಕೆ ಕರೆಂಟು ಬೇಕು. ಕುಷ್ಟಗಿಗೆ ಆಗ ಕರೆಂಟೆಲ್ಲಿ? ಅದಕ್ಕೆ ದೀಪ ಕಿತ್ತುಹಾಕಿ, ಅಂಗಡಿಯ ಹಿಂದಿನ ಉಗ್ರಾಣದ ಕಿಟಕಿಯ ಹೊರಗೆ ಒಂದು ದೊಡ್ಡ ಕನ್ನಡಿ ನಿಲ್ಲಿಸಿದ. ಆಳೊಬ್ಬ ಅದನ್ನು ಹೊತ್ತಿಗೆ ತಕ್ಕಂತೆ ತಿರುಗಿಸುತ್ತಿದ್ದ. ಸೂರ್ಯನೇ ಕನ್ನಡಿಯಿಂದ ಪೆಟ್ಟಿಗೆಗೆ ಹಾದು, ಫಿಲ್ಮಿನೊಳಗಿಂದ ಹಾದು, ಗೋಡೆಯ ಮೇಲೆ ಬೀಳುತ್ತಿದ್ದ. ತಲೆ ಇದ್ದವನು ಎಂದು ಅವತ್ತು ನಾನೂ ಮೆಚ್ಚಿದೆ.

ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಕತ್ತಲೆಯ ಕೋಣೆ, ಸುಣ್ಣದ ಗೋಡೆ, ಅದರ ತುಂಬ ನಮ್ಮ ಅಂಗಳ. ಲಡಿಗಳು ಈಗಷ್ಟೇ ಹಂಡೆಯಿಂದ ಎದ್ದು ಬಂದಂತೆ ಕೆಂಪು. ಕೂತ ನೇಕಾರರೆಲ್ಲ ಉಸಿರು ಹಿಡಿದರು. ಅವ್ವ ಎದ್ದು ಗೋಡೆಯ ಹತ್ತಿರ ಹೋಗಿ ತನ್ನ ಕೈಯನ್ನು ಆ ಕೈಗೆ ತಾಗಿಸಿ ನೋಡಿದಳು.

"ಅಯ್ಯ ಇದರ, ನಾ ಇಷ್ಟು ಮುದುಕಿ ಆಗೀನೇನು?" ಅಂದಳು. ಮಂದಿ ನಕ್ಕಿತು. "ನಗಬ್ಯಾಡ್ರೋ. ಕೆಂಪ ನೋಡ್ರಿ ಕೆಂಪ. ಸಾವ್ಕಾರ್ರ, ನಿಮ್ಮ ಗ್ವಾಡಿಗೆ ನನ್ನ ಕೈ ಬಣ್ಣ ಹತ್ತೀತು, ಆಮ್ಯಾಲೆ ನನಗ ಬೈಬ್ಯಾಡ್ರಿ."

ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು. ನನ್ನ ಅವ್ವ ಅಷ್ಟು ಹಿಗ್ಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಸಣ್ಣ ಸಾವುಕಾರ ಆ ಲಡಿಗಳ ಪಟವನ್ನು ತೋರಿಸತೊಡಗಿದ. ಗಿರಾಕಿ ಬಂತೆಂದರೆ ಕನ್ನಡಿ ತಿರುಗಿಸು. ಅಪ್ಪನದನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟಿದ್ದ. ೧೯೩೯ರ ಕೊನೆಗೆ ದೊಡ್ಡ ಸಾವುಕಾರರು ತೀರಿಕೊಂಡರು. ಅವರ ರುಮಾಲನ್ನು ಗಾದಿಯ ಮೇಲಿನ ಗೂಡಿನಲ್ಲಿಟ್ಟು ಬಿಳಿ ವಸ್ತ್ರ ಮುಚ್ಚಿದರು. ವರ್ಷಕ್ಕೊಮ್ಮೆ ಪಾಡ್ಯದ ಪೂಜೆಗೆ ತೆಗೆಯುವುದೆಂದು ಠರಾವಾಯಿತು.

ಯುದ್ಧದಿಂದ ಜರ್ಮನಿಯ ಪುಡಿ ನಿಂತಿತು. ಸಣ್ಣ ಸಾವುಕಾರನ ಉಗ್ರಾಣದಲ್ಲಿ ಮೊದಲೇ ತಂದಿಟ್ಟ ಡಬ್ಬಿಗಳ ರಾಶಿ ಇತ್ತು. ಈಗ ಸುತ್ತಲಿನ ಬಣ್ಣದವರೆಲ್ಲ ಅವನ ಬಾಗಿಲಲ್ಲಿ ನಿಲ್ಲಬೇಕಾಯಿತು. ನಾನು ನಿಲ್ಲಲಿಲ್ಲ. ನನಗೆ ಬೇರು ಸಾಕಾಗಿತ್ತು. ಅದು ಅವನಿಗೆ ಹಿಡಿಸಲಿಲ್ಲ. ಒಂದು ದಿನ ಕರೆಸಿದ.

"ಹಂಡೆ ಇಲ್ಲಿಗೆ ತಗೊಂಡು ಬಾ. ನನ್ನ ಪುಡಿ, ನನ್ನ ಕಟಗಿ, ನಿನ್ನ ಕೈ. ಹೆಸರು ಅಂಗಡೀದು" ಅಂದ.

"ಹೆಸರು ನಮ್ಮಪ್ಪಂದು ಐತ್ರಿ. ಅದನ್ನ ತಗೊಂಡು ಬರಾಕ ಬರೂದಿಲ್ಲ" ಅಂದೆ.

"ನಾಲ್ಕನೇ ಜಮಾತು ದಾಟಿದ್ರ ಲಾಭ ಯಾವುದು, ನಷ್ಟ ಯಾವುದು ತಿಳೀತಿತ್ತು" ಎಂದು ನಕ್ಕ. ಅಂಗಡಿಯಲ್ಲಿದ್ದವರೂ ನಕ್ಕರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ.

೧೯೪೦ರ ಬೇಸಿಗೆಯಲ್ಲಿ ಅವ್ವ ಹೋದಳು. ನಾಲ್ಕು ದಿನದ ಜ್ವರ ಅಷ್ಟೆ. ಮೈ ತೊಳೆಯುವಾಗಲೂ ಕೈಯ ಕೆಂಪು ಬಿಡಲಿಲ್ಲ, ಹಾಗೇ ಹೋದಳು. ಅವಳದೊಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ತಿಂಗಳು ಕಳೆದ ಮೇಲೆ ನನ್ನ ಅಭಿಮಾನವನ್ನು ಬದಿಗಿಟ್ಟು ಕುಷ್ಟಗಿಗೆ ನಡೆದೆ. ಗೋಡೆಯ ಮೇಲೆ ಅವಳನ್ನು ಒಮ್ಮೆ ನೋಡಬೇಕಿತ್ತು.

ಉಗ್ರಾಣದಲ್ಲಿ ಹತ್ತಾರು ನೇಕಾರರು ಕೂತಿದ್ದರು. ನಮಗೆ ತಲೆಮಾರಿನಿಂದ ನೂಲು ಕೊಡುತ್ತಿದ್ದ ಒಬ್ಬ ಹಿರಿಯನೂ ಇದ್ದ. ಅವನನ್ನು ನಾನು ಕಾಕಾ ಅನ್ನುತ್ತಿದ್ದೆ. ನನ್ನನ್ನು ಕಂಡು ಸಣ್ಣ ಸಾವುಕಾರ, "ಛಲೋ ಹೊತ್ತಿಗೆ ಬಂದಿ, ಕುಂದ್ರು" ಅಂದ. ಕನ್ನಡಿ ತಿರುಗಿತು. ಗೋಡೆಯ ಮೇಲೆ ನಮ್ಮ ಅಂಗಳ ಬಿತ್ತು.

ಕೆಂಪು ಇರಲಿಲ್ಲ. ಲಡಿಗಳು ಒಣಗಿದ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ಇಳಿದಿದ್ದವು. ಅವ್ವನ ಕೈ ಹಿಟ್ಟು ನಾದಿ ತೊಳೆದ ಕೈಯ ಹಾಗೆ ಬಿಳಚಿಕೊಂಡಿತ್ತು.

"ಹೋದ ವರ್ಷ ಇದ ಗ್ವಾಡಿ ಮ್ಯಾಲೆ ಏನು ನೋಡಿದ್ರಿ, ಈ ವರ್ಷ ಏನು ನೋಡಾಕತ್ತೀರಿ, ನೀವ ಹೇಳ್ರಿ" ಅಂದ ಸಣ್ಣ ಸಾವುಕಾರ. "ಲಡಿ ಅವ, ಮನಿ ಅದ, ಮುದುಕಿ ಅದ. ಕೆಂಪ ಎಲ್ಲಿ ಹೋತು? ಬೇರಿನ ಬಣ್ಣ, ಬೇರಿನ ಬಣ್ಣ ಅಂತ ಕುಣೀತಿದ್ರಿ."

ಹೊರಗಿನವರು ಇದನ್ನು ಕೇಳಿದರೆ ನಗಬಹುದು. ಪಟದ ಬಣ್ಣ ಹೋದರೆ ನೂಲಿನ ಬಣ್ಣ ಹೋದಂತೆ ಹೇಗೆ? ಆದರೆ ನಮ್ಮ ನೇಕಾರರಿಗೆ ಅಜ್ಜನ ಕಾಲದಿಂದ ರೂಢಿಯಾದದ್ದು ಒಂದೇ. ಇಟ್ಟದ್ದನ್ನೇ ವರ್ಷದ ಮೇಲೆ ನೋಡುವುದು, ಮಾಸಿದ್ದರೆ ಬಣ್ಣದವನ ತಪ್ಪು ಎನ್ನುವುದು. ಮೊದಲ ಸಲ ಆ ಗೋಡೆಯ ಮೇಲೆ ನೂಲಿಗಿಂತ ಕೆಂಪಾದ ನೂಲನ್ನು ಕಂಡು, ಅದು ನೂಲೇ ಎಂದು ಅವರ ಮನಸ್ಸು ಒಪ್ಪಿಬಿಟ್ಟಿತ್ತು. ಈಗ ಮಾಸಿದ್ದನ್ನೂ ಹಾಗೇ ಒಪ್ಪಿದರು. ಕಾಕಾ ತಲೆ ತಗ್ಗಿಸಿದ. ಅದೇ ನನಗೆ ಹೆಚ್ಚು ಚುಚ್ಚಿತು.

"ಎರಡು ತೆಗದಿದ್ರಿ. ಇನ್ನೊಂದು ತರ್ರಿ, ಅದನ್ನೂ ನೋಡೂಣು" ಅಂದೆ.

"ಅದು ಒಡದು ಹೋತು" ಅಂದ. ಹಾಗೆ ಅನ್ನುವಾಗ ಅವನ ಕಣ್ಣು ನನ್ನನ್ನು ಬಿಟ್ಟು ಮೂಲೆಯಲ್ಲಿದ್ದ ಕಬ್ಬಿಣದ ತಿಜೋರಿಯ ಕಡೆ ಹೋಗಿ ಬಂತು. ನನಗೆ ಸಾಕಾಯಿತು. ಅವನಿಗೆ ಗೊತ್ತಿತ್ತು. ಬಿಸಿಲು ತಿಂದದ್ದು ಫಿಲ್ಮಿನ ಬಣ್ಣವನ್ನು ಎಂದು ಗೊತ್ತಿದ್ದೇ ಆ ದೋಷವನ್ನು ನನ್ನ ಸತ್ತ ಅವ್ವನ ಕೈಗೆ ಬಳಿದಿದ್ದ.

ಮನೆಗೆ ಬಂದು ಮಾಳಿಗೆಯ ಲಡಿಗಳನ್ನು ತಂದು ನೇಕಾರರ ಮುಂದೆ ಹಿಡಿದೆ. "ನಿನ್ನ ಮಾಳಿಗಿ, ನಿನ್ನ ಬೋಗಾಣಿ. ನಿನ್ನೆ ಮತ್ತೊಮ್ಮೆ ಹಂಡ್ಯಾಗ ಅದ್ದಿದ್ರ ನಮಗೇನು ಗೊತ್ತು?" ಅಂದರು. ಒಬ್ಬೊಬ್ಬರೇ ನೂಲನ್ನು ಸಾವುಕಾರನ ಪುಡಿಯ ಕಡೆ ಒಯ್ದರು. ಓಣಿಯಲ್ಲಿ ನನಗೆ ಮಾಸಲು ಬಣ್ಣದವ ಎಂಬ ಹೆಸರು ಬಿತ್ತು. ಬಾವಿಗೆ ಹೋದರೂ ಅದೇ, ಕ್ಷೌರಕ್ಕೆ ಕೂತರೂ ಅದೇ. ಅಪ್ಪ ಗಳಿಸಿದ ಹೆಸರಿನಲ್ಲಿ ನನ್ನ ಕೈಯಲ್ಲಿ ಉಳಿದದ್ದು ಇದು.

ಪಾಡ್ಯಕ್ಕೆ ಎಲ್ಲ ಬಣ್ಣದವರೂ ಸಾವುಕಾರನ ಅಂಗಡಿಗೆ ಹೂ ಒಯ್ಯುವ ಪದ್ಧತಿ. ಆ ವರ್ಷ ನಾನೂ ಹೋದೆ, ಒಳಗೆ ಕೂಡಲಿಲ್ಲ, ಹೊಸ್ತಿಲಲ್ಲಿ ನಿಂತೆ. ಗೂಡಿನಿಂದ ರುಮಾಲು ತೆಗೆದು ಗಾದಿಯ ಮೇಲಿಟ್ಟು ಕುಂಕುಮ ಹಚ್ಚಿದರು. ಆಮೇಲೆ ಎಲ್ಲರನ್ನೂ ಉಗ್ರಾಣಕ್ಕೆ ಕರೆದು, ಅವತ್ತಿನ ವಿಶೇಷವೆಂದು ದೊಡ್ಡ ಸಾವುಕಾರರ ಪಟವನ್ನು ಗೋಡೆಯ ಮೇಲೆ ಬಿಟ್ಟರು. ಪೆಟ್ಟಿಗೆಯ ಕತ್ತಲೆಯಲ್ಲೇ ಇದ್ದದ್ದರಿಂದ ಅದರ ಬಣ್ಣ ಹಾಗೇ ಇತ್ತು. ಮುದುಕರು ಎದ್ದು ಕೂತಂತಿತ್ತು. "ರುಮಾಲು ನೋಡ್ರಿ, ಅಲ್ಲೂ ಅದ ಕೆಂಪ, ಇಲ್ಲೂ ಅದ ಕೆಂಪ" ಎಂದು ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಎಲ್ಲರೂ ಹೌದೌದು ಅಂದರು.

ಉಗ್ರಾಣದ ಹೊಸ್ತಿಲಿಗೆ ಬಂದು ನಿಂತ ನನಗೆ ಆಗ ಹೊಳೆಯಿತು. ಅರ್ಧ ಮುಚ್ಚಿದ ಲಡಿ ನನ್ನ ಮಾಳಿಗೆಯ ಮೇಲೆ ಇರಬೇಕಾಗಿಲ್ಲ. ಅವನ ಅಂಗಡಿಯಲ್ಲೇ ಇದೆ. ಮುಚ್ಚಿದ ಅರ್ಧ ಆ ರುಮಾಲು. ತೆರೆದ ಅರ್ಧ ಆ ಫಿಲ್ಮು. ಇವತ್ತು ಪಾಡ್ಯ, ಊರೆಲ್ಲ ಎರಡನ್ನೂ ಒಂದೇ ಕೆಂಪು ಎಂದು ಒಪ್ಪಿದೆ. ಇನ್ನು ಬೇಕಾದದ್ದು ಒಂದು ವರ್ಷದ ಬಿಸಿಲು. ನನ್ನ ಅವ್ವನ ಕೈ ಮಾಸಿದಂತೆ ಅವನ ಅಪ್ಪನ ತಲೆಯೂ ಮಾಸಬೇಕು. ಅದೂ ಅವನ ಕೈಯಿಂದಲೇ.

ಊರಲ್ಲಿ ಕೆಲಸವಿರಲಿಲ್ಲವಾದ್ದರಿಂದ ನಾನು ಬಣ್ಣದ ನೂಲಿನ ಗಂಟು ಹೊತ್ತು ಊರೂರು ತಿರುಗತೊಡಗಿದೆ. ಯಲಬುರ್ಗಾ, ಕೊಪ್ಪಳ, ಗಂಗಾವತಿ, ಅಲ್ಲಿಂದ ಕಾರಟಗಿ, ನವಲಿ. ಮದುವೆಯ ಮನೆ ಕಂಡಲ್ಲಿ ಗಂಟು ಇಳಿಸುತ್ತಿದ್ದೆ. ಜವಳಿ ತೆಗೆಯಲು ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತಿದ್ದೆ.

"ಎಲ್ಲಿಗರೆ ಹೋಗ್ತೀವಿ. ಯಾಕಪಾ?"

"ಕುಷ್ಟಗಿಗೆ ಹೋಗ್ರಿ. ದೊಡ್ಡ ಸಾವುಕಾರ್ರು ಗೊತ್ತಲ್ಲ, ಗೇಣು ಹೆಚ್ಚಿಗೆ ಹರದು ಕೊಡ್ತಿದ್ರಲ್ಲ. ಅವರು ಈಗೂ ಗ್ವಾಡಿ ಮ್ಯಾಲೆ ಕುಂತು ನೋಡ್ತಾರ. ಮೊದಲ ಅವರ ಮುಖಾ ನೋಡಿ ಆಮ್ಯಾಲೆ ಸೀರಿ ಮುಟ್ರಿ. ತೋರಸೂದಿಲ್ಲ ಅಂತಾರ, ಬಿಡಬ್ಯಾಡ್ರಿ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಮಾತಿಗೆ ಕಾಲು ಬಂದವು. ಮದುವೆಯ ಕಾಲ ಬರುವಷ್ಟರಲ್ಲಿ ಜವಳಿಗೆ ಬಂದವರು ಗಾದಿಯ ಮೇಲೆ ಕೂಡುವ ಮೊದಲೇ ಉಗ್ರಾಣದ ಬಾಗಿಲಿಗೆ ಹೋಗಿ ನಿಲ್ಲುವುದು ಪದ್ಧತಿಯೇ ಆಗಿಹೋಯಿತು. ಮದುಮಗಳ ಕೈಯಲ್ಲಿ ಗೋಡೆಗೆ ಅರಿಶಿನ ಹಚ್ಚಿಸುವವರೂ ಬಂದರು.

ಅಂಗಡಿಯ ಹಿಂದೆ, ಉಗ್ರಾಣದ ಎದುರಿಗೆ ಒಂದು ಬೇವಿನ ಮರ. ಕುಷ್ಟಗಿಯ ದಾರಿಯಲ್ಲಿ ಹಾಯುವಾಗಲೆಲ್ಲ ಅದರ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ಅಲ್ಲಿಂದ ಉಗ್ರಾಣದ ಕಿಟಕಿ, ಕನ್ನಡಿ ಎರಡೂ ಕಾಣುತ್ತಿದ್ದವು. ಕನ್ನಡಿ ಮಿಂಚಿದಾಗಲೆಲ್ಲ ನನ್ನ ರೊಟ್ಟಿಗೆ ರುಚಿ ಬರುತ್ತಿತ್ತು. ತಿನ್ನು, ಇನ್ನೂ ತಿನ್ನು ಎಂದು ಸೂರ್ಯನಿಗೆ ಹೇಳುತ್ತಿದ್ದೆ.

ಸಣ್ಣ ಸಾವುಕಾರ ದಡ್ಡನಲ್ಲ. ಅಪ್ಪನ ಬಣ್ಣ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಮೊದಮೊದಲು ಆಗುವುದಿಲ್ಲ ಎಂದ. ಬಂಡಿಗಳು ಪಕ್ಕದ ಅಂಗಡಿಯ ಮುಂದೆ ನಿಂತವು. ಆಮೇಲೆ ಆಗಲಿ ಅಂದ, ಆದರೆ ಕನ್ನಡಿಯ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದು ಸರ್ರನೆ ಮುಚ್ಚುತ್ತಿದ್ದ. ನವಲಿಯಿಂದ ಬಂದ ಒಬ್ಬ ಮುದುಕಿಯ ದನಿ ಬೇವಿನ ಮರದವರೆಗೆ ಕೇಳಿಸಿತು.

"ಏನಪಾ, ಮಿಂಚು ಹೊಡದಂಗ ತೋರಸ್ತಿ? ಮುಖಾ ನೋಡಬೇಕೋ, ಕಣ್ಣು ಕುಕ್ಕಿಸ್ಕೋಬೇಕೋ?"

"ನೋಡಿದ್ರೆಲ್ಲಬೇ, ಸಾಕೀಗ."

"ನಿಮ್ಮಪ್ಪ ಗೇಣು ಹೆಚ್ಚಿಗೆ ಕೊಡ್ತಿದ್ದ. ನೀ ಅಪ್ಪನ್ನ ತೋರಸಾಕೂ ಜೀನತನ ಮಾಡ್ತೀಯಲ್ಲೋ. ಏಳ್ರೇ, ಬ್ಯಾರೆ ಅಂಗಡಿಗೆ ಹೋಗೂಣು."

ಕನ್ನಡಿ ಮತ್ತೆ ಮಿಂಚಿತು. ಈ ಸಲ ಬಹಳ ಹೊತ್ತು ಮಿಂಚಿತು. ಅವ್ವಾ ನೋಡು ಅಂದೆ ಮನಸ್ಸಿನಲ್ಲೇ. ಅವನು ವ್ಯಾಪಾರಕ್ಕಾಗಿ ತನ್ನ ಅಪ್ಪನನ್ನು ಬಿಸಿಲಿಗಿಟ್ಟಿದ್ದ. ಕೈ ಹಿಡಿದು ಇಡಿಸಿದವನು ನಾನಲ್ಲ.

ಬಣ್ಣ ಹೋಗುವುದರಲ್ಲಿ ಒಂದು ಗುಣ ಇದೆ. ದಿನವೂ ನೋಡುವವನಿಗೆ ಅದು ಕಾಣುವುದಿಲ್ಲ. ಇವತ್ತು ನಿನ್ನೆಯಂತೆಯೇ ಇರುತ್ತದೆ, ನಾಳೆ ಇವತ್ತಿನಂತೆ. ಅದಕ್ಕೇ ನಮ್ಮ ಹಿರಿಯರು ಬೋಗುಣಿ ಇಟ್ಟದ್ದು. ಸಣ್ಣ ಸಾವುಕಾರನ ಹತ್ತಿರವೂ ಬೋಗುಣಿ ಇತ್ತು, ಗೂಡಿನಲ್ಲಿ ಬಿಳಿ ವಸ್ತ್ರದ ಕೆಳಗೆ. ಅದನ್ನು ಎತ್ತಿ ನೋಡುವ ಧೈರ್ಯ ಅವನಿಗೆ ವರ್ಷವಿಡೀ ಬರಲಿಲ್ಲ ಎಂದು ತೋರುತ್ತದೆ.

೧೯೪೧ರ ಪಾಡ್ಯ ಬಂತು. ನಾನು ತಲೆಗೆ ಎರೆದುಕೊಂಡು, ಹೊಸ ಧೋತರ ಉಟ್ಟು, ಹೂ ಹಿಡಿದು ಹೋದೆ. ಹೊಸ್ತಿಲಲ್ಲಿ ನಿಲ್ಲಲಿಲ್ಲ, ಒಳಗೆ ಹೋಗಿ ಕಾಕಾನ ಪಕ್ಕದಲ್ಲೇ ಕೂತೆ. ಅವನು ಸ್ವಲ್ಪ ಸರಿದ. ರುಮಾಲು ಹೊರಗೆ ಬಂತು, ಗಾದಿಯ ಮೇಲೆ ಕೂತಿತು, ಕುಂಕುಮ ಏರಿತು. ಪೂಜೆ ಮುಗಿದ ಮೇಲೆ ನಾನು ಎದ್ದು ನಿಂತೆ.

"ಹೋದ ವರ್ಷ ದೊಡ್ಡ ಸಾವುಕಾರ್ರನ್ನ ಗ್ವಾಡಿ ಮ್ಯಾಲೆ ನೋಡಿದ್ವಿ. ಈ ವರ್ಷನೂ ನೋಡಿ ಹೋಗೂಣು" ಅಂದೆ.

"ಇವತ್ತು ಮಾಡ ಐತಿ" ಅಂದ ಸಣ್ಣ ಸಾವುಕಾರ.

ಕಾಕಾ ಬಾಗಿಲ ಕಡೆ ನೋಡಿದ. ಅಂಗಳದಲ್ಲಿ ಕಣ್ಣು ಬಿಡಲಾಗದಷ್ಟು ಬಿಸಿಲು. "ಎಲ್ಲಿ ಐತೋ ಮಾಡ? ನಿನ್ನ ಮುಖದ ಮ್ಯಾಲೆ ಐತೇನು?" ಅಂದ. ಮಂದಿ ನಕ್ಕಿತು. "ತೋರಸು ನಡಿ. ಹಬ್ಬದ ದಿನ ಹಿರೇರ ಮುಖಾ ನೋಡದ ಹೋದ್ರ ಛಲೋ ಅಲ್ಲ."

ಎಲ್ಲರೂ ಉಗ್ರಾಣಕ್ಕೆ ನಡೆದರು. ಕನ್ನಡಿ ತಿರುಗಿತು.

ಗೋಡೆಯ ಮೇಲೆ ದೊಡ್ಡ ಸಾವುಕಾರರು ಕೂತಿದ್ದರು. ಮುಖ ಸುಣ್ಣದ ಹಾಗೆ. ತಲೆಯ ಮೇಲಿನದು ಯಾರೋ ಹಳೆಯ ಧೋತರ ಸುತ್ತಿದಂತೆ ಮಾಸಲು ಹಳದಿ.

"ಆ ರುಮಾಲು ಯಾರ ಬಣ್ಣದ್ದು ಕಾಕಾ?" ಎಂದು ಕೇಳಿದೆ.

"ನಿಮ್ಮಪ್ಪಂದು" ಅಂದ ಕಾಕಾ ಮೆಲ್ಲಗೆ.

"ಹೋದ ವರ್ಷ ಇಲ್ಲೇ ಕುಂತು ಅದನ್ನ ಕೆಂಪ ಅಂದ್ರಿ. ಈ ವರ್ಷ ಹಳದಿ ಆಗೈತಿ. ಅಂದ್ರ ನಮ್ಮಪ್ಪನ ಬಣ್ಣನೂ ಹೋತು. ಹೌದಲ್ರೀ ಸಾವ್ಕಾರ್ರ? ನೀವ ಕಲಿಸಿದ ಲೆಕ್ಕ ಇದು. ಇನ್ನ ಗಾದಿ ಮ್ಯಾಗಿನ ರುಮಾಲು ತರ್ರಿ, ಅದೂ ಹಳದಿ ಆಗಿರಬೇಕು."

ಕಾಕಾನೇ ಎದ್ದು ಹೋದ. ರುಮಾಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಗೋಡೆಯ ಬೆಳಕಿನಲ್ಲಿ, ಆ ಮಾಸಿದ ತಲೆಯ ಪಕ್ಕಕ್ಕೆ ಹಿಡಿದ. ಇಪ್ಪತ್ತು ವರ್ಷ ಕುದುರೆಯ ಮೇಲೆ ಬಿಸಿಲು ಕುಡಿದ ರುಮಾಲು ಅದು. ಲಡಿಯ ಎರಡು ಅರ್ಧಗಳನ್ನು ನೋಡುವಂತೆ ಕಾಕಾ ಅದನ್ನೊಮ್ಮೆ ನೋಡಿದ, ಇದನ್ನೊಮ್ಮೆ ನೋಡಿದ. ಅಷ್ಟು ದೊಡ್ಡ ಗೆರೆಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

"ಯಾವುದು ಖರೇನೋ ತಮ್ಮಾ?" ಎಂದು ಸಣ್ಣ ಸಾವುಕಾರನನ್ನು ಕೇಳಿದ. "ನಿಮ್ಮಪ್ಪನ ರುಮಾಲು ಖರೇನೋ, ನಿನ್ನ ಪೆಟಗಿ ಖರೇನೋ?"

ಅವನು ಏನೋ ಗೊಣಗಿದ.

"ಜೋರಾಗಿ ಅನ್ರಿ" ಅಂದೆ ನಾನು. "ಹಿಂದ ಕುಂತವರು ನಾಲ್ಕನೇ ಜಮಾತಿನವರದಾರ, ಸಣ್ಣ ಮಾತು ತಿಳಿಯೂದಿಲ್ಲ."

"ಫಿಲ್ಮಿನ ಬಣ್ಣ ಬಿಸಿಲಿಗೆ ಹೋಗತೈತಿ" ಅಂದ.

"ನೂಲಿಂದು?"

"ನೂಲಿಂದು ಹೋಗಿಲ್ಲ."

"ಇದು ನಿಮಗ ಮೊದಲ ಗೊತ್ತಿತ್ತೋ, ಇವತ್ತು ಗೊತ್ತಾತೋ?"

ಅವನು ನನ್ನ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಅಪ್ಪನನ್ನು ನೋಡುತ್ತಿದ್ದ. ಆಳು ಕನ್ನಡಿ ತಿರುಗಿಸುವುದನ್ನು ಮರೆತು ನಿಂತಿದ್ದರಿಂದ ಹೊತ್ತು ಸರಿದಂತೆ ಬೆಳಕೂ ಸರಿಯುತ್ತಿತ್ತು, ಮುದುಕರ ಅರ್ಧ ಮುಖ ಆಗಲೇ ಕತ್ತಲೆಗೆ ಹೋಗಿತ್ತು. "ಗೊತ್ತಿತ್ತು" ಅಂದ.

"ಹಂಗಾದ್ರ ಒಡದು ಹೋದದ್ದನ್ನ ತಿಜೋರ್ಯಾಗಿಂದ ತಗೀರಿ."

"ಒಡದೈತಿ ಅಂದಿದ್ದೆಲ್ಲೋ?" ಅಂದ ಕಾಕಾ. ಕೀಲಿ ತಿರುಗುವ ಸದ್ದು ಮಾತ್ರ ಬಂತು. ಗಾಜಿನ ನಡುವೆ ಕೂತ ಆ ಪುಟ್ಟ ತುಂಡನ್ನು ನನ್ನ ಅಂಗೈಗೆ ಹಾಕಿದ. ಅದನ್ನು ಪೆಟ್ಟಿಗೆಗೆ ಹಾಕಿ ಗೋಡೆಯ ಮೇಲೆ ತೋರಿಸು ಎಂದು ಮಂದಿ ಕೂಗಿತು. ನಾನು ಕೊಡಲಿಲ್ಲ. ಬಾಗಿಲ ನೆರಳಿನಲ್ಲಿ ನಿಂತು ಆಕಾಶದ ಕಡೆ ಹಿಡಿದು ನೋಡಿದೆ. ಲಡಿಗಳು ಕೆಂಪು. ಮೊಳಕೈವರೆಗೆ ಅವ್ವನ ಕೈ ಕೆಂಪು. ಕಾಕಾನಿಗೊಮ್ಮೆ ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿ, "ಹುಂ, ಜೀವಂತ ನಿಂತಂಗ ಅದಾಳ, ಬೈತಾಳೀಗ" ಅಂದ. ಧೋತರದ ಅಂಚಿನಲ್ಲಿ ಕಟ್ಟಿಕೊಂಡು ಊರಿಗೆ ಬಂದೆ.

ನೇಕಾರರು ಮರಳಿದರು. ಒಬ್ಬೊಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ, "ಯಾರ ಮನಿಗೆ ಬಂದೀರಿ? ಮಾಸಲು ಬಣ್ಣದವನ ಮನಿ ಮುಂದಿನ ಓಣ್ಯಾಗ ಐತಿ" ಅನ್ನುತ್ತಿದ್ದೆ. ತಪ್ಪಾತು ಎಂದು ಅವರ ಬಾಯಿಂದ ಬರುವವರೆಗೆ ನೂಲು ಮುಟ್ಟುತ್ತಿರಲಿಲ್ಲ. ಕಾಕಾನ ನೂಲನ್ನು ಮಾತ್ರ ಕೇಳದೆ ಇಳಿಸಿಕೊಂಡೆ.

೧೯೪೬ರ ಬೇಸಿಗೆಯಲ್ಲಿ ಸಣ್ಣ ಸಾವುಕಾರ ಹನುಮಸಾಗರಕ್ಕೆ ಬಂದ. ಮೋಟಾರನ್ನು ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದುಕೊಂಡು ಬಂದ. ನಮ್ಮ ಅಂಗಳದ ನಾತಕ್ಕೆ ಮೂಗು ಮುಚ್ಚಲಿಲ್ಲ. ನಾನು ನೀರು ಕೊಟ್ಟೆ, ಬೆಲ್ಲ ಕೊಟ್ಟೆ, ಚಾಪೆ ಹಾಸಿದೆ. ಅವನು ಅಂಗಿಯ ಜೇಬಿನಿಂದ ತನ್ನ ಅಪ್ಪನ ಆ ಫಿಲ್ಮನ್ನು ತೆಗೆದ. ಈಗ ಅದರಲ್ಲಿ ಮುಖವೂ ಸರಿಯಾಗಿ ಉಳಿದಿರಲಿಲ್ಲ.

"ಸಣ್ಣ ಕುಂಚದಿಂದ ರುಮಾಲಿಗೊಂದು ಕೆಂಪ ಹಚ್ಚಿ ಕೊಟ್ರ ಸಾಕು" ಅಂದ. "ಬಾಕಿ ಹೆಂಗರೆ ಇರ್ಲಿ. ಮಕ್ಕಳು ಅಜ್ಜನ್ನ ಕೇಳ್ತಾವ. ಮಂದಿ ಹೇಳ್ತಾರ, ಈ ಕೆಲಸ ನಿಮ್ಮ ಕೈಲಿಂದ ಆಗತೈತಿ ಅಂತ."

ಮೊದಲ ಸಲ ನನಗೆ ನಿಮ್ಮ ಅಂದಿದ್ದ. ಕೆಲಸ ನನ್ನ ಕೈಯಿಂದ ಆಗುತ್ತಿತ್ತು. ಹಂಡೆಯಲ್ಲಿ ಬಣ್ಣ ಬಿಸಿಯಾಗಿಯೇ ಇತ್ತು, ಅಳಿಲಿನ ಕೂದಲಿನ ಕುಂಚವೂ ಮನೆಯಲ್ಲಿತ್ತು. ದೊಡ್ಡ ಸಾವುಕಾರರ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ, ಮತ್ತೆ ನೋಡಿದೆ. ಆಮೇಲೆ ಅವನ ಅಂಗೈಗೇ ಹಾಕಿದೆ.

"ನಾನು ನಾಲ್ಕನೇ ಜಮಾತಿಗೆ ಬಿಟ್ಟಂವಾರಿ. ಇಷ್ಟು ನಾಜೂಕಿನ ಕೆಲಸ ನನಗೆಲ್ಲಿ ಬರಬೇಕು?" ಅಂದೆ.

ಅವನು ಫಿಲ್ಮನ್ನು ಜೇಬಿಗೆ ಹಾಕಿಕೊಂಡ. ಬೆಲ್ಲ ಮುಟ್ಟಲಿಲ್ಲ. ಎದ್ದು ಹೋದ. ನನ್ನ ಹೆಂಡತಿ ಬಾಗಿಲ ಮರೆಯಿಂದ, "ಹಚ್ಚಿ ಕೊಟ್ಟಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಅಂದಳು. ನನ್ನ ಅವ್ವನನ್ನು ಅವಳು ನೋಡಿದವಳಲ್ಲ. ನಾನು ಹಂಡೆಯ ಕೆಳಗೆ ಕಟ್ಟಿಗೆ ನೂಕಿದೆ, ಈಗ ಕೇಳಿದರೂ ಅದನ್ನೇ ಮಾಡುತ್ತೇನೆ.

ಅವ್ವನ ಪಟವನ್ನು ಕರೀ ಬಟ್ಟೆಯಲ್ಲಿ ಸುತ್ತಿ, ಬಾಯಿ ಮುಚ್ಚಿದ ಮಡಕೆಯಲ್ಲಿ, ಒಳಕೋಣೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ಅವಳ ತಿಥಿಯ ದಿನ ತೆಗೆದು, ನೆರಳಿನಲ್ಲಿ ನಿಂತು, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನೋಡಿ ಮತ್ತೆ ಮುಚ್ಚುತ್ತೇನೆ. ಮೊಮ್ಮಕ್ಕಳು ಇನ್ನೂ ಸ್ವಲ್ಪ ಅಂದರೂ ಬಿಡುವುದಿಲ್ಲ. ಈಗಿನ ಪೆಟ್ಟಿಗೆಗಳಿಗೆ ಕರೆಂಟಿದೆ, ತೋರಿಸೋಣ ಅನ್ನುತ್ತಾರೆ. ಅದಕ್ಕೂ ಬಿಡುವುದಿಲ್ಲ. ಈ ವರ್ಷವೂ ನೋಡಿದೆ. ಕೈ ಕೆಂಪಾಗಿಯೇ ಇದೆ.

ಈಗ ನನ್ನ ಹತ್ತಿರ ಇರುವುದು ತಾಮ್ರದ ಹಂಡೆ ಎರಡು, ಅದರಲ್ಲಿ ಒಂದು ತೂತು. ಮಾಳಿಗೆಯ ಮೇಲೆ ಬೋಗುಣಿ ಒಂದು, ಅದರ ಕೆಳಗೆ ಲಡಿ ಒಂದು. ಗೂಟದ ಮೇಲೆ ಪಾಟಿ ಒಂದು. ಮಡಕೆಯಲ್ಲಿ ಫಿಲ್ಮು ಒಂದು. ಕುಷ್ಟಗಿಯ ಆ ಮನೆಯಲ್ಲಿ ಬಣ್ಣ ಉಳಿದ ಫಿಲ್ಮು ಒಂದೂ ಇಲ್ಲ.